ಬಲ್ಬಿನ ದೋಟಿ ಮತ್ತು ಕೆರೆಯಂಚಿನ ಕಂಬ

ಬೀದಿ ಕಂಬದ ಹಳೇ ಬಲ್ಬು ತೆಗೆಯುವುದಕ್ಕೆ ಮೂರು ಕೆಲಸ ಗೊತ್ತಿದ್ದರೆ ಸಾಕು. ಮೇಲಕ್ಕೆ ಒತ್ತಬೇಕು, ಎಡಕ್ಕೆ ತಿರುಗಿಸಬೇಕು, ಮೆತ್ತಗೆ ಇಳಿಸಬೇಕು. ಹೊಸದನ್ನು ಹಾಕುವಾಗ ಒತ್ತಿ ಬಲಕ್ಕೆ ತಿರುಗಿಸಿ ಕೈ ಬಿಡಬೇಕು. ಮನೆಯೊಳಗೆ ಸ್ಟೂಲು ಹತ್ತಿ ಯಾರು ಬೇಕಾದರೂ ಮಾಡಬಹುದಾದ ಈ ಕೆಲಸವನ್ನು ನಾನು ಬೀದಿಯಲ್ಲಿ ನಿಂತು, ಕತ್ತು ಹಿಂದಕ್ಕೆ ವಾಲಿಸಿ, ಉದ್ದನೆಯ ಬಿದಿರಿನ ತುದಿಯಿಂದ ಮಾಡುತ್ತಿದ್ದೆ. ಕತ್ತಿನ ನೋವು ಇವತ್ತಿಗೂ ನನ್ನ ಜೊತೆಯಲ್ಲೇ ಇದೆ. ಪಿಂಚಣಿಯ ಜೊತೆಗೆ ಸರ್ಕಾರ ಕೊಟ್ಟದ್ದು ಅದೊಂದೇ ಎಂದು ನಾನು ಮಕ್ಕಳಿಗೆ ಹೇಳುತ್ತಿರುತ್ತೇನೆ.

ಮೊನ್ನೆ ನೌಕರರ ಸಂಘದ ಹುಡುಗರು ಮನೆಗೆ ಬಂದು, "ಲಕ್ಷ್ಮಮ್ಮಕ್ಕ, ಹೊಸದಾಗಿ ಕೆಲಸಕ್ಕೆ ಸೇರೋರು ಓದ್ಲಿ, ನಿಮ್ಮ ಅನುಭವ ಬರ್ಕೊಡಿ" ಎಂದರು. ಬರೆಯುತ್ತಿದ್ದೇನೆ. ಬಡ್ತಿ ಸಿಕ್ಕಿದ್ದು, ಸನ್ಮಾನದಲ್ಲಿ ಶಾಲು ಹೊದಿಸಿದ್ದು ಇದರಲ್ಲಿ ಬರುವುದಿಲ್ಲ. ಆ ಶಾಲನ್ನು ಚಳಿಗಾಲದಲ್ಲಿ ಹೊದೆಯುತ್ತೇನೆ, ಬೆಚ್ಚಗಿದೆ, ಅದಕ್ಕಿಂತ ಹೆಚ್ಚು ಹೇಳುವಂಥದ್ದು ಅದರಲ್ಲಿ ಏನೂ ಇಲ್ಲ. ಯಾವ ಊರಿನ ಪುರಸಭೆ ಎಂದೂ ಹೆಸರಿಸುವುದಿಲ್ಲ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಯಾವುದನ್ನಾದರೂ ಅಂದುಕೊಳ್ಳಿ. ಎಂಬತ್ತರ ದಶಕದಲ್ಲಿ ನಮ್ಮ ಕಡೆಯ ಯಾವ ಊರಿಗೆ ಹೋದರೂ ಒಂದು ಕೆರೆ, ಕೆರೆಯ ಪಕ್ಕ ಒಂದು ಬಡವರ ಬೀದಿ, ಆ ಬೀದಿ ಮುಗಿಯುವಲ್ಲಿ ಒಂದು ದೀಪದ ಕಂಬ ಇರುತ್ತಿತ್ತು. ನಾನು ಹೇಳಬೇಕಾಗಿರುವುದು ಹೆಚ್ಚಾಗಿ ಆ ಒಂದು ಕಂಬದ ವಿಷಯ.

ನನ್ನ ಗಂಡ ಗೋವಿಂದಪ್ಪ ಪುರಸಭೆಯ ದೀಪದ ವಿಭಾಗದಲ್ಲಿದ್ದರು. ಕಂಬ, ತಂತಿ ಕರೆಂಟಿನವರದು. ಬಲ್ಬು, ಬಲ್ಬಿನ ಮೇಲಿನ ತಗಡಿನ ತಟ್ಟೆ, ಸಂಜೆ ಸ್ವಿಚ್ಚು ಹಾಕಿ ಬೆಳಿಗ್ಗೆ ಆರಿಸುವುದು ನಮ್ಮವರದು. ಆಗ ಇದ್ದದ್ದು ಬಿದಿರಿನ ಏಣಿ. ಒಬ್ಬ ಹತ್ತಬೇಕು, ಇನ್ನೊಬ್ಬ ಬುಡ ಹಿಡಿಯಬೇಕು. ಜನ ಕಡಿಮೆಯಿದ್ದ ದಿನ ಬುಡ ಹಿಡಿಯುವವನನ್ನು ನೀರಿನ ಪೈಪು ಅಗೆಯಲು ಕಳಿಸಿಬಿಡುತ್ತಿದ್ದರು. ಅಂಥ ದಿನಗಳಲ್ಲಿ ಇವರು ಕಂಬಕ್ಕೆ ಏಣಿಯನ್ನು ಹಗ್ಗದಲ್ಲಿ ಬಿಗಿದು ಒಬ್ಬರೇ ಹತ್ತುತ್ತಿದ್ದರು.

ಕೆರೆಯಂಚಿನ ಕಂಬ ನೆಟ್ಟಿದ್ದದ್ದು ಏರಿಯ ಇಳಿಜಾರಿನಲ್ಲಿ. ಅಲ್ಲಿ ಏಣಿಯ ಒಂದು ಕಾಲಿಗೆ ಕಲ್ಲು ಕೊಟ್ಟು ನಿಲ್ಲಿಸಬೇಕಾಗಿತ್ತು. ಹಾಗೆ ನೋಡಿದರೆ ಅಲ್ಲಿಗೆ ಅಷ್ಟು ಸಲ ಹೋಗುವ ಕೆಲಸವೇ ಇರಬಾರದಾಗಿತ್ತು. ಆದರೆ ಆ ಬಲ್ಬು ಮಾತ್ರ ನಿಲ್ಲುತ್ತಿರಲಿಲ್ಲ. ಹಾಕಿದ ನಾಲ್ಕು ದಿನಕ್ಕೆ ಯಾರೋ ಕಲ್ಲು ಹೊಡೆದು ಒಡೆಯುತ್ತಿದ್ದರು. ಇಸ್ಪೀಟು ಆಡುವವರು, ಕುಡುಕರು, ಪೋಲಿ ಹುಡುಗರು ಎಂದು ಆಫೀಸಿನಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಇವರು ಬೈದುಕೊಂಡು ಹೋಗಿ ಹೊಸದು ಹಾಕಿ ಬರುತ್ತಿದ್ದರು. ಒಂದು ಸಂಜೆ ಏಣಿಯ ಕಾಲಿಗೆ ಕೊಟ್ಟ ಕಲ್ಲು ಜಾರಿತು.

ಆಸ್ಪತ್ರೆಯಲ್ಲಿ ಎರಡು ದಿನ ಇದ್ದರು. ಮಾತು ನಿಂತುನಿಂತು ಬರುತ್ತಿತ್ತು. ಮಕ್ಕಳ ವಿಷಯ ಕೇಳಲಿಲ್ಲ, ನನ್ನ ವಿಷಯವೂ ಕೇಳಲಿಲ್ಲ. "ಬಲ್ಬು ಹಾಕಿದ್ದೆ ಕಣೇ, ಹತ್ತಿತಾ?" ಎಂದು ಕೇಳಿದರು. ನಾನು ಆ ಕಡೆ ಹೋಗಿರಲೂ ಇಲ್ಲ, ನೋಡಿರಲೂ ಇಲ್ಲ. "ಹತ್ತಿತು" ಎಂದೆ. ಸಾಯುವ ಮನುಷ್ಯನಿಗೆ ಹಾಗಲ್ಲದೆ ಬೇರೆ ಹೇಗೆ ಹೇಳುವುದು.

ಅನುಕಂಪದ ಮೇಲೆ ಅವರ ಕೆಲಸ ನನಗೆ ಬಂತು. ಬಂತು ಎಂದು ಸುಲಭವಾಗಿ ಬರೆದೆ. ನಮ್ಮ ಜೂನಿಯರ್ ಇಂಜಿನಿಯರ್ ಶ್ರೀಕಂಠಯ್ಯನವರು ನೆಟ್ಟಗಿನ ಮನುಷ್ಯ. ನಗುವುದೂ ಕಡಿಮೆ, ಬೈಯುವುದೂ ಕಡಿಮೆ. ಅವರ ಮುಂದೆ ಹೋಗಿ ನಿಂತಾಗ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನೋಡಿ ಲಕ್ಷ್ಮಮ್ಮ, ಖಾಲಿ ಇರೋದು ದೀಪದ ವಿಭಾಗದ ಜಾಗ. ಏಣಿ ಹತ್ತೋ ಕೆಲಸ. ನಿಮ್ಮನ್ನ ಆಫೀಸಲ್ಲಿ ನೀರು ಕೊಡೋಕೆ ಇಟ್ಕೊಂಡ್ರೆ ಈ ಜಾಗ ಹೋಗ್ಬಿಡುತ್ತೆ. ಆಮೇಲೆ ನಿಮ್ಮನ್ನ ಕಾಯಂ ಮಾಡೋಕೆ ನನ್ನ ಕೈಲಾಗಲ್ಲ."

"ಹತ್ತೀನಿ ಸಾರ್."

"ನಿಮ್ಮ ಯಜಮಾನರು ಬಿದ್ದು ಇನ್ನೂ ಮೂರು ತಿಂಗಳಾಗಿಲ್ಲ. ಯೋಚ್ನೆ ಮಾಡಿ."

"ಮಾಡಿದ್ದೀನಿ ಸಾರ್. ಎರಡು ಮಕ್ಳಿದಾವೆ. ಅದಕ್ಕಿಂತ ಜಾಸ್ತಿ ಯೋಚ್ನೆ ಮಾಡೋದು ಏನೂ ಇಲ್ಲ."

ಅವರು ಕನ್ನಡಕ ಮತ್ತೆ ಹಾಕಿಕೊಂಡು, "ಒಂದು ವರ್ಷ ನೋಡ್ತೀನಿ. ಕಂಬದಲ್ಲಿ ದೀಪ ಉರೀಬೇಕು. ಉರಿದ್ರೆ ಕಾಯಂಗೆ ಬರೀತೀನಿ, ಇಲ್ದಿದ್ರೆ ಇಲ್ಲ" ಎಂದರು. ಆ ಮಾತಿನಲ್ಲಿ ದಯೆಯೂ ಇರಲಿಲ್ಲ, ಕೆಡುಕೂ ಇರಲಿಲ್ಲ. ಅಂಥ ಮೇಲಧಿಕಾರಿ ಸಿಕ್ಕರೆ ಪುಣ್ಯ ಎಂದು ತಿಳಿದುಕೊಳ್ಳಿ.

ಮೊದಲ ದಿನ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಸ್ ಸ್ಟ್ಯಾಂಡಿನ ಹತ್ತಿರದ ಕಂಬಕ್ಕೆ ಏಣಿ ಹಾಕಿದೆ. ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಕೆಳಗೆ ಜನ ನಿಂತಿದ್ದರು. ಅವರಲ್ಲಿ ಕೆಲವರು ಬಲ್ಬು ನೋಡುತ್ತಿರಲಿಲ್ಲ. ಅಂದಿನ ಅವಮಾನ ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಬಲ್ಬು ಹಾಕಿಯೇ ಇಳಿದೆ. ಏಣಿಯನ್ನು ಹೆಗಲಿಗೇರಿಸಿ ಆಫೀಸಿನ ಹಿಂದೆ ತಂದಿಟ್ಟು, ಸ್ಟೋರಿನ ಗೋಡೆಗೆ ಮುಖ ಮಾಡಿ ಅತ್ತೆ. ಮತ್ತೆ ಏಣಿ ಹತ್ತುವುದಿಲ್ಲ ಎಂದು ಅಲ್ಲೇ ನಿರ್ಧಾರ ಮಾಡಿದೆ. ಕೆಲಸ ಬಿಡುವುದಿಲ್ಲ ಎಂದೂ ನಿರ್ಧಾರ ಮಾಡಿದೆ. ಎರಡೂ ಒಟ್ಟಿಗೆ ಹೇಗೆ ಆಗುತ್ತದೆ ಎಂದು ಮಾತ್ರ ಗೊತ್ತಿರಲಿಲ್ಲ.

ನನ್ನ ತವರು ಅಂಬಾಜಿದುರ್ಗದ ಕೆಳಗಿನ ಒಂದು ಹಳ್ಳಿ. ಅಲ್ಲಿ ಮಾವಿನಕಾಯಿ ಕೀಳುವುದಕ್ಕೆ ದೋಟಿ ಇರುತ್ತದೆ. ಉದ್ದನೆಯ ಬಿದಿರು, ತುದಿಯಲ್ಲಿ ಕೊಕ್ಕೆ, ಕೊಕ್ಕೆಯ ಕೆಳಗೆ ಬಲೆಯ ಚೀಲ. ಕಾಯಿ ನೆಲಕ್ಕೆ ಬೀಳದೆ ಚೀಲಕ್ಕೆ ಬೀಳುತ್ತದೆ. ಮದುವೆಗೆ ಮುಂಚೆ ನಾನು ಮರ ಹತ್ತಿದವಳಲ್ಲ, ದೋಟಿಯಲ್ಲೇ ಮಾವು ಇಳಿಸಿದವಳು. ಬಲ್ಬೂ ಒಂದು ಕಾಯಿಯೇ ತಾನೆ ಎಂದು ಹೊಳೆದದ್ದು ಒಂದು ಭಾನುವಾರ, ಸಂತೆಯಲ್ಲಿ ಮಾವಿನಕಾಯಿ ಕೊಳ್ಳುತ್ತಿದ್ದಾಗ. ಕಾಯಿ ಬಿಟ್ಟು ಸೀದಾ ಸೈಕಲ್ ಶಾಪಿಗೆ ಹೋದೆ.

ಸೈಕಲ್ ಶಾಪು ಪ್ಯಾರೇಜಾನ್ ಸಾಬರದು. ಮಸೀದಿ ಬೀದಿಯ ತಿರುವಿನಲ್ಲಿ ಒಂದು ಸಣ್ಣ ಅಂಗಡಿ. ಸೈಕಲ್ಲಿನ ಜೊತೆಗೆ ರೇಷ್ಮೆ ಬಿಚ್ಚುವ ಚರಕಗಳ ರಿಪೇರಿಯನ್ನೂ ಮಾಡುತ್ತಿದ್ದರು. ಅವರ ಮನೆಯ ಮಾತು ಉರ್ದು, ನನ್ನ ತವರಿನದು ತೆಲುಗು. ಇಬ್ಬರೂ ಕನ್ನಡದಲ್ಲಿ ಜಗಳ ಆಡುತ್ತಿದ್ದೆವು.

"ಸಾಬ್ರೇ, ಬಿದಿರಿನ ತುದೀಲಿ ಬಲ್ಬ್ ಹಿಡಿಯೋಂಥದ್ದು ಒಂದು ಮಾಡ್ಕೊಡಿ. ಹಿಡೀಬೇಕು, ಒಡೀಬಾರ್ದು."

"ಹಿಡಿಯೋಕೂ ಬೇಕು, ಒಡೆಯೋಕೂ ಬಾರ್ದು" ಎಂದು ಅವರು ಗಡ್ಡ ಕೆರೆದುಕೊಂಡರು. "ಹಕ್ಕಿಮರಿ ಹಿಡಿಯೋ ಕೈ ಬೇಕು ಅಂತೀಯಮ್ಮ."

ಮೊದಲು ತಗಡಿನ ಲೋಟ ಕಟ್ಟಿಕೊಟ್ಟರು. ಬಲ್ಬು ಅದರೊಳಗೆ ಹೋಗುತ್ತಿತ್ತು, ತಿರುಗುತ್ತಿರಲಿಲ್ಲ. ಲೋಟ ಮಾತ್ರ ತಿರುಗುತ್ತಿತ್ತು. ಆಮೇಲೆ ತೆಂಗಿನ ಚಿಪ್ಪಿಗೆ ಬಟ್ಟೆ ಸುತ್ತಿ ನೋಡಿದೆವು. ಅದು ಒಂದು ಬಲ್ಬನ್ನು ಅರ್ಧ ತಿರುಗಿಸಿ ಕೈಬಿಟ್ಟಿತು, ಗಾಜು ನನ್ನ ತಲೆಯ ಮೇಲೆ ಉದುರಿತು. ಅವತ್ತಿನಿಂದ ತಲೆಗೆ ಟವೆಲು ಕಟ್ಟದೆ ನಾನು ಕಂಬದ ಕೆಳಗೆ ನಿಂತಿಲ್ಲ, ನೀವೂ ನಿಲ್ಲಬೇಡಿ. ಕೊನೆಗೆ ಸಾಬರು ಹಳೇ ಸೈಕಲ್ಲಿನ ಕಡ್ಡಿಗಳನ್ನು ಬೆರಳಿನ ಹಾಗೆ ಬಗ್ಗಿಸಿ, ಒಂದು ಕಬ್ಬಿಣದ ಬಳೆಗೆ ಸುತ್ತಲೂ ಬೆಸೆದು, ಪ್ರತಿ ಕಡ್ಡಿಗೂ ಟ್ಯೂಬಿನ ರಬ್ಬರು ತೊಡಿಸಿದರು. ಕೆಳಗಿನಿಂದ ಒತ್ತಿದರೆ ಕಡ್ಡಿಗಳು ಅಗಲವಾಗಿ ಬಲ್ಬನ್ನು ಒಳಕ್ಕೆ ಬಿಟ್ಟುಕೊಂಡು ಮತ್ತೆ ಕೂಡಿಕೊಳ್ಳುತ್ತಿದ್ದವು. ತಿರುಗಿಸಿದರೆ ರಬ್ಬರು ಕಚ್ಚಿ ಹಿಡಿಯುತ್ತಿತ್ತು. ಹೊಸ ಬಲ್ಬು ಹೋಲ್ಡರಿನಲ್ಲಿ ಕೂತ ಮೇಲೆ ಸ್ವಲ್ಪ ಜಗ್ಗಿದರೆ ಬೆರಳು ಬಿಟ್ಟುಕೊಡುತ್ತಿತ್ತು. ಕೈ ಹಿಡಿಯುವ ಕಡೆಗೂ ಬಿದಿರಿಗೆ ಟ್ಯೂಬು ಸುತ್ತಿಕೊಟ್ಟು, "ಮಳೇಲಿ ಮುಟ್ಟಬೇಡ. ಒದ್ದೆ ಬಿದಿರಿನ ಮೇಲೆ ನಂಬಿಕೆ ಇಡಬಾರ್ದು" ಎಂದರು.

ಮೊದಲ ಬಲ್ಬು ಅವರ ಅಂಗಡಿಯ ಮುಂದಿನ ಕಂಬದ್ದೇ. ಒತ್ತಿದೆ, ತಿರುಗಿಸಿದೆ, ಇಳಿಸಿದೆ. ಕೈಗೆ ಬಂದ ಬಲ್ಬು ಧೂಳು ಹಿಡಿದಿತ್ತು, ಒಂದು ಗೀರೂ ಬಿದ್ದಿರಲಿಲ್ಲ. ಸಾಬರು ಅದನ್ನು ಇಸಿದುಕೊಂಡು ತಮ್ಮ ಅಂಗಿಯಲ್ಲಿ ಒರೆಸಿ ಒರೆಸಿ ನೋಡಿದರು. ನನ್ನ ಗಂಡ ಸತ್ತ ಮೇಲೆ ನಾನು ಮನಸ್ಸು ತುಂಬಿ ನಕ್ಕದ್ದು ಅವತ್ತೇ ಮೊದಲು.

ಅಲ್ಲಿಂದ ಊರೆಲ್ಲ ನನ್ನನ್ನು ದೋಟಿ ಲಕ್ಷ್ಮಮ್ಮ ಎನ್ನಲು ಶುರು ಮಾಡಿತು. ತಮಾಷೆಗೆ ಶುರುವಾದದ್ದು ಹೆಸರಾಗಿ ನಿಂತಿತು. ದೋಟಿಯನ್ನು ಹೆಗಲ ಮೇಲಿಟ್ಟು, ಬಲ್ಬಿನ ಚೀಲ ಕೈಯಲ್ಲಿ ಹಿಡಿದು ಬೀದಿಯಲ್ಲಿ ಹೋದರೆ ಮಕ್ಕಳು ಮಾವಿನಕಾಯಿ ಕೇಳುತ್ತಿದ್ದವು. ರಂಜಾನ್ ತಿಂಗಳಲ್ಲಿ ಮಸೀದಿ ಬೀದಿಯ ಕಂಬಗಳನ್ನು ಮೊದಲು ನೋಡುತ್ತಿದ್ದೆ. ಒಂದು ಮನೆಯಲ್ಲಿ ಸಾವಾಗಿದೆ ಎಂದು ಕಿವಿಗೆ ಬಿದ್ದರೆ, ಯಾರೂ ಕೇಳದೆಯೇ ಹೊತ್ತು ಮುಳುಗುವ ಮುಂಚೆ ಆ ಮನೆಯ ಎದುರಿನ ಬಲ್ಬು ನೋಡಿ ಬರುತ್ತಿದ್ದೆ. ಬಂಧುಗಳು ಹಳ್ಳಿಗಳಿಂದ ಕತ್ತಲಲ್ಲಿ ಬರುತ್ತಾರೆ, ಮನೆ ಹುಡುಕಿಕೊಂಡು ಅಲೆಯಬಾರದು. ಈ ಪದ್ಧತಿ ನನಗೆ ಹೇಳಿಕೊಟ್ಟವರು ನನ್ನ ಗಂಡ. ಅವರ ಸಾವಿನ ದಿನ ನಮ್ಮ ಮನೆಯ ಎದುರಿನ ಬಲ್ಬು ಸುಟ್ಟುಹೋಗಿತ್ತು. ನೋಡುವವರು ಯಾರೂ ಇರಲಿಲ್ಲ.

ಮಧ್ಯದಲ್ಲಿ ಒಂದು ಪ್ರಮಾದ ನಡೆಯಿತು. ನನ್ನ ದೋಟಿ ನೋಡಿ ಖುಷಿಯಾದ ಪುರಸಭೆಯ ಸದಸ್ಯರೊಬ್ಬರು ಎಲ್ಲಿಂದಲೋ ಅಲ್ಯೂಮಿನಿಯಂ ಕೊಳವೆಯ ದೋಟಿಗಳನ್ನು ತರಿಸಿದರು. ಹಗುರ, ಥಳಥಳ ಹೊಳೆಯುತ್ತಿದ್ದವು, ಒಂದರೊಳಗೊಂದು ಸೇರಿ ಚಿಕ್ಕದಾಗುತ್ತಿದ್ದವು. ಎಲ್ಲರೂ ಕೈಯಲ್ಲಿ ಹಿಡಿದು ಮೆಚ್ಚಿದರು, ನಾನೂ ಮೆಚ್ಚಿದೆ. ಮಾರನೇ ದಿನ ಅದನ್ನು ಹೊತ್ತು ಹೊರಟಾಗ ಶ್ರೀಕಂಠಯ್ಯನವರು ಆಫೀಸಿನ ಕಿಟಕಿಯಿಂದ ನೋಡಿ, ಚಪ್ಪಲಿಯನ್ನೂ ಹಾಕಿಕೊಳ್ಳದೆ ಓಡಿಬಂದು ನನ್ನ ಕೈಯಿಂದ ಕಿತ್ತುಕೊಂಡರು. "ಬಲ್ಬಿನ ಒಂದು ಮೊಳದ ಆಚೆ ತಂತಿ ಇದೆಯಲ್ರೀ" ಎಂದಷ್ಟೇ ಹೇಳಿದರು. ಆ ದೋಟಿಗಳು ಸ್ಟೋರಿನಲ್ಲಿ ಬಹಳ ಕಾಲ ಹೊಳೆಯುತ್ತಲೇ ಇದ್ದವು. ಹೊಸ ಉಪಕರಣ ಬಂದಾಗ ಕೈಯಲ್ಲಿ ಹಿಡಿದು ನೋಡುವ ಮುಂಚೆ ತಲೆ ಎತ್ತಿ ಮೇಲೆ ಏನಿದೆ ನೋಡಿ ಎಂದು ನಿಮಗೆ ಹೇಳುವುದಕ್ಕಾಗಿ ಇದನ್ನು ಬರೆದೆ.

ಈಗ ಕೆರೆಯಂಚಿನ ಕಂಬಕ್ಕೆ ಬರುತ್ತೇನೆ. ಅಲ್ಲಿಗೆ ಹೋಗಲು ನನಗೆ ಕಾಲು ಬರುತ್ತಿರಲಿಲ್ಲ. ಆದರೆ ಹೋಗದೆ ಇರುವ ಹಾಗೂ ಇರಲಿಲ್ಲ. ಆ ವಾರ್ಡಿನ ಸದಸ್ಯರು, "ಗೋವಿಂದಪ್ಪ ಬಿದ್ದ ಜಾಗ, ಅಲ್ಲಿ ಕತ್ತಲಿರಬಾರ್ದು" ಎಂದು ಸಭೆಯಲ್ಲಿ ಹೇಳಿದ್ದರು. ನನಗೂ ಆ ಮಾತು ಮುಟ್ಟಿತ್ತು. ದೋಟಿಯಲ್ಲಿ ಬಲ್ಬು ಹಾಕಿದೆ, ಒಡೆದರು. ಮತ್ತೆ ಹಾಕಿದೆ, ಮತ್ತೆ ಒಡೆದರು. ಗಂಡನನ್ನು ಕೊಂದ ಕಲ್ಲು ಇದೇ ಎಂದು ನೆಲದಲ್ಲಿ ಬಿದ್ದಿದ್ದ ಕಲ್ಲುಗಳನ್ನು ಕಾಲಿನಿಂದ ಒದ್ದೆ.

ಶ್ರೀಕಂಠಯ್ಯನವರು ಬಂದು ನೋಡಿದರು. "ಬಲ್ಬನ್ನ ಇನ್ನೂ ಮೇಲಕ್ಕೆ ಹಾಕ್ಸಿದ್ರೆ ಕಲ್ಲು ತಾಗಲ್ಲ. ನಿಮ್ಮ ದೋಟಿ ಮುಟ್ಟುತ್ತಾ?" ಎಂದು ಕೇಳಿದರು.

"ಇನ್ನೊಂದು ಬಿದಿರು ಜೋಡಿಸಿದ್ರೆ ಮುಟ್ಟುತ್ತೆ ಸಾರ್."

ಕರೆಂಟಿನವರು ಬಂದು ಕಂಬದ ತುದಿಗೆ ಉದ್ದನೆಯ ಕಬ್ಬಿಣದ ಕೈ ಕೂಡಿಸಿ ಹೋಲ್ಡರನ್ನು ಮೇಲೆ ಹಾಕಿಕೊಟ್ಟರು. ಸಾಬರು ಪೈಪಿನ ತುಂಡು ಕೊಟ್ಟು ಎರಡು ಬಿದಿರನ್ನು ಒಂದು ಮಾಡಿದರು. ದೊಡ್ಡ ಬಲ್ಬು ಹಾಕಿದೆ. ಅದು ಉರಿಯಿತು, ಉಳಿಯಿತು. ಕಲ್ಲುಗಳು ಕಂಬಕ್ಕೆ ಬಡಿದ ಗುರುತು ಇರುತ್ತಿತ್ತು, ಬಲ್ಬಿಗೆ ಒಂದೂ ತಾಗುತ್ತಿರಲಿಲ್ಲ. ಏರಿ, ಏರಿಯ ಕೆಳಗಿನ ಸೀಮೆಜಾಲಿ ಗಿಡಗಳು, ಕೆರೆಯಂಗಳ ಎಲ್ಲ ಬೆಳಗುತ್ತಿತ್ತು. ದಿನಾ ಸಂಜೆ ಸ್ವಿಚ್ಚು ಹಾಕಿ ಅಲ್ಲಿಗೆ ಹೋಗಿ ಒಂದು ಗಳಿಗೆ ನಿಂತು ನೋಡುತ್ತಿದ್ದೆ. ನನ್ನ ಗಂಡನ ಹೆಸರಿಗೆ ನಾನು ಹಚ್ಚಿದ ದೀಪ ಎಂದುಕೊಳ್ಳುತ್ತಿದ್ದೆ. ನನಗೆ ಹೆಮ್ಮೆಯಾಗಿತ್ತು.

ಆ ಬೀದಿಯ ಹೆಂಗಸರಿಗೆ ಆಗಿರಲಿಲ್ಲ. ಅವರೆಲ್ಲ ರೇಷ್ಮೆ ಬಿಚ್ಚುವ ಕಡೆ ಕೂಲಿಗೆ ಹೋಗುವವರು, ಬಿಸಿನೀರಿನಲ್ಲಿ ಬೆಂದ ಬೆರಳಿನವರು. ನನ್ನನ್ನು ಕಂಡರೆ ಮಾತು ನಿಲ್ಲಿಸುತ್ತಿದ್ದರು. ನನ್ನ ಹಣೆಯಲ್ಲಿ ಕುಂಕುಮವಿಲ್ಲದ್ದಕ್ಕೆ ಇರಬೇಕು ಎಂದುಕೊಂಡು ನಾನೂ ಮುಖ ತಿರುಗಿಸುತ್ತಿದ್ದೆ.

ಒಂದು ಮಧ್ಯಾಹ್ನ ಆ ಬೀದಿಯ ಅಕ್ಕಯ್ಯಮ್ಮ ಎಂಬ ಮುದುಕಿ ನಮ್ಮ ಮನೆಗೆ ಬಂದಳು. ಒಳಗೆ ಕರೆದರೂ ಬರಲಿಲ್ಲ, ಹೊಸ್ತಿಲ ಹೊರಗೇ ಕುಕ್ಕರುಗಾಲಿನಲ್ಲಿ ಕೂತು, ನನ್ನ ತವರಿನವರ ಹಾಗೆ ತೆಲುಗಿನಲ್ಲಿ 'ನನ್ನ ತಾಯಿ' ಎಂದೇ ಮಾತು ಶುರು ಮಾಡಿದಳು.

"ನಾ ತಲ್ಲಿ, ಒಂದು ಮಾತು ಕೇಳಣ ಅಂತ ಬಂದೆ. ಆ ಕೆರೆತಾವ್ ದೀಪ ತೆಗ್ದಾಕು."

"ಯಾಕಜ್ಜಿ? ಊರೆಲ್ಲ ದೀಪ ಬೇಕು ಅಂತಾರೆ, ನಿಮಗೆ ಬೇಡ್ವಾ?"

"ಬೀದೀಲಿ ಬೇಕು. ಅಲ್ಲಿ ಬೇಡ." ಆಕೆ ನೆಲ ನೋಡಿದಳು. "ನಾವು ಹೆಂಗಸ್ರು ಎಲ್ಲಿ ಹೋಗಣ ಹೇಳು. ಮನೇಲಿ ಜಾಗ ಇಲ್ಲ. ಹೊತ್ತು ಮುಳುಗಿದ್ ಮೇಲೆ, ಹೊತ್ತು ಹುಟ್ಟೋಕೆ ಮುಂಚೆ, ನಮಗಿರೋದು ಆ ಗಿಡದ ಮರೆ ಒಂದೇ. ಈಗ ಅಲ್ಲಿ ಕೂತ್ರೆ ಏರಿ ಮೇಲೆ ಹೋಗೋರಿಗೆಲ್ಲ ಕಾಣುತ್ತೆ. ಹಗಲೆಲ್ಲ ಬಿಗಿ ಹಿಡ್ಕೊಂಡಿರ್ತೀವಿ, ನೀರು ಕುಡಿಯೋದ್ನೂ ಬಿಟ್ಟಿದ್ದೀವಿ. ನನ್ ಸೊಸೆ ಬಸುರಿ. ಕೋಡಿ ಆಚೆ ಕತ್ತಲಿದೆ ಅಂತ ಅಲ್ಲಿಗೋದ್ಲು. ಬಂಡೆ ಮೇಲೆ ಜಾರಿ ಬಿದ್ದಿದಾಳೆ."

ನಾನೇನು ಅರಮನೆಯಲ್ಲಿ ಹುಟ್ಟಿದವಳೇ? ನಾನೂ ದಿನಾ ನಸುಕಿನಲ್ಲಿ ಚೊಂಬು ಹಿಡಿದು ಊರಿನ ಆ ಪಕ್ಕದ ಹೊಲಗಳ ಕಡೆಗೆ ಹೋಗುತ್ತಿದ್ದವಳೇ. ಅಲ್ಲಿ ಕಂಬವಿರಲಿಲ್ಲ, ಅದಕ್ಕೆ ನನಗೆ ಹೊಳೆದಿರಲಿಲ್ಲ. ನಾವೆಲ್ಲ ಕಂಬದ ಕೆಳಗೆ ನಿಂತು ಮೇಲೆ ನೋಡುವವರು. ದೀಪ ಉರಿದರೆ ಕೆಲಸವಾಯಿತು ಎನ್ನುವವರು.

ಅಕ್ಕಯ್ಯಮ್ಮ ಎದ್ದಳು. ಹೋಗಲಿಲ್ಲ. ಗೋಡೆ ಹಿಡಿದು ನಿಂತಳು.

"ಇನ್ನೊಂದು ಹೇಳ್ದೆ ಇದ್ರೆ ದೇವ್ರು ಮೆಚ್ಚಲ್ಲ. ಆ ಬಲ್ಬು ಒಡೀತಿದ್ದೋರು ಕುಡುಕ್ರಲ್ಲ ತಲ್ಲಿ. ನಾವೇ. ಜಾಸ್ತಿ ಹೊಡೀತಿದ್ದೋಳು ನಾನು. ನಿನ್ ಗಂಡ ಬಿದ್ದಿದ್ದಕ್ಕೆ ಮುಂಚಿನ್ ಬಲ್ಬು ಹೊಡೆದೋಳು ನಾನೇ."

ನಾನು ಬಾಗಿಲು ಹಾಕಿಕೊಂಡೆ. ಆಕೆ ಹೊರಗೆ ಬಹಳ ಹೊತ್ತು ನಿಂತಿದ್ದಳು, ಬಾಗಿಲ ಸಂದಿಯಿಂದ ಆಕೆಯ ಕಾಲು ಕಾಣುತ್ತಿತ್ತು. ಅವತ್ತು ನನಗೆ ಬಂದ ಸಿಟ್ಟು ಯಾರ ಮೇಲೆ ಎಂದು ನನಗೇ ಗೊತ್ತಾಗಲಿಲ್ಲ. ಆ ಮುದುಕಿಯನ್ನು ಕೊಲ್ಲಬೇಕು ಎನಿಸಿತು. ಅವಳ ಸೊಸೆ ಬಂಡೆಯ ಮೇಲೆ ಬಿದ್ದದ್ದು ಕಣ್ಣಿಗೆ ಕಟ್ಟಿತು. ಏಣಿಯ ಕಾಲಿಗೆ ಕಲ್ಲು ಕೊಟ್ಟು ಒಬ್ಬರೇ ಹತ್ತಿದ ನನ್ನ ಗಂಡನ ಮೇಲೂ ಸಿಟ್ಟು ಬಂತು. ಹಿಡಿಯುವವನನ್ನು ಪೈಪು ಅಗೆಯಲು ಕಳಿಸಿದವರ ಮೇಲೆ ಬಂತು. ಮಕ್ಕಳು ಸ್ಕೂಲಿನಿಂದ ಬಂದಾಗ ಒಲೆ ಹಚ್ಚಿರಲಿಲ್ಲ.

ಒಂದು ಮಾತು ನಿಮಗೆ ತಿಳಿದಿರಬೇಕು. ಆಗ ನನ್ನ ಒಂದು ವರ್ಷ ಇನ್ನೂ ತುಂಬಿರಲಿಲ್ಲ. ಕಂಬದಲ್ಲಿ ದೀಪ ಉರಿಯಬೇಕು, ಉರಿದರೆ ಕಾಯಂ ಎಂದು ಶ್ರೀಕಂಠಯ್ಯನವರು ಹೇಳಿದ್ದು ಕಿವಿಯಲ್ಲೇ ಇತ್ತು. ಅದರಲ್ಲೂ ಈ ಕಂಬದ ದೀಪ ಸಭೆಯಲ್ಲಿ ಮಾತಾಗಿದ್ದ ದೀಪ. ಅದನ್ನು ನಾನೇ ಕೈಯಾರೆ ತೆಗೆದರೆ ಮಕ್ಕಳ ಅನ್ನ ನಾನೇ ಕಿತ್ತುಕೊಂಡ ಹಾಗೆ. ಯಾರನ್ನಾದರೂ ಕೇಳೋಣ ಎಂದರೆ ಇಂಥ ವಿಷಯವನ್ನು ಗಂಡಸರ ಮುಂದೆ ಬಾಯಿಬಿಟ್ಟು ಹೇಳುವ ಕಾಲ ಅದಲ್ಲ. ಪ್ಯಾರೇಜಾನ್ ಸಾಬರ ಅಂಗಡಿಯವರೆಗೂ ಹೋಗಿ, ಸುಮ್ಮನೆ ದೋಟಿಯ ರಬ್ಬರು ಬದಲಾಯಿಸಿಕೊಂಡು ಬಂದೆ.

ಮಾರನೇ ಸಂಜೆ ಹೋಗಿ ಆ ಬಲ್ಬು ಇಳಿಸಿದೆ. ಗಂಡನ ಹೆಸರಿನ ದೀಪ ಎಂದುಕೊಂಡಿದ್ದೆನಲ್ಲ, ಅದನ್ನು ನನ್ನ ಕೈಯಿಂದಲೇ ಆರಿಸಿದೆ. ಬಲ್ಬನ್ನು ಚೀಲದಲ್ಲಿಟ್ಟುಕೊಂಡು ತಿರುಗಿ ನೋಡದೆ ಬಂದೆ.

ವಾರ ಕಳೆಯುವುದರೊಳಗೆ ದೂರು ಬಂತು. ಬಲ್ಬು ಕಳ್ಳತನವಾಗಿದೆ ಎಂದು ವಾರ್ಡಿನ ಸದಸ್ಯರು ಕೂಗಾಡಿದರು. ಅಷ್ಟು ಎತ್ತರದ ಬಲ್ಬನ್ನು ಒಡೆಯದೆ ಕದಿಯುವ ಕಳ್ಳ ಯಾರು ಎಂದು ಎಲ್ಲರಿಗೂ ಆಶ್ಚರ್ಯ. ಶ್ರೀಕಂಠಯ್ಯನವರಿಗೆ ಆಶ್ಚರ್ಯವಾಗಿರಲಿಲ್ಲ ಎಂದು ನನಗೀಗ ಅನಿಸುತ್ತದೆ. ಊರಿನಲ್ಲಿ ಅಷ್ಟೆತ್ತರ ಮುಟ್ಟುವ ದೋಟಿ ಇದ್ದದ್ದು ಒಂದೇ. ಅವರು ನನ್ನನ್ನು ಕರೆದು, "ಇವತ್ತು ಹೊಸ ಬಲ್ಬು ಹಾಕಿ. ಸಂಜೆ ನಾನೇ ಬಂದು ನಿಲ್ತೀನಿ. ಯಾರು ಬರ್ತಾರೋ ನೋಡೋಣ. ನೀವೂ ಇರಿ, ದೋಟಿ ಜೊತೇಲಿರಲಿ" ಎಂದರು.

ಹೊಸ ಬಲ್ಬು ಹಾಕಿದೆ. ಸ್ವಿಚ್ಚು ಹಾಕಿದೆ. ಹೊತ್ತು ಮುಳುಗಿತು. ಅವರು ಕಂಬದಿಂದ ಸ್ವಲ್ಪ ದೂರದಲ್ಲಿ ಏರಿಯ ಕಲ್ಲಿನ ಮೇಲೆ ಟಾರ್ಚು ಹಿಡಿದು ಕೂತರು. ನಾನು ಪಕ್ಕದಲ್ಲಿ ನಿಂತೆ. ಬೆಳಕಿಗೆ ಹುಳುಗಳು ಬಂದವು. ಕಳ್ಳರು ಯಾರೂ ಬರಲಿಲ್ಲ.

ಬೀದಿಯ ಕೊನೆಯಲ್ಲಿ ಹೆಂಗಸರು ಬಂದು ನಿಂತರು. ಮೊದಲು ಇಬ್ಬರು, ಆಮೇಲೆ ಐದಾರು ಜನ, ಆಮೇಲೆ ಇನ್ನೂ ಕೆಲವರು. ಅವರು ಮುಂದೆ ಬರಲಿಲ್ಲ, ಹಿಂದೆಯೂ ಹೋಗಲಿಲ್ಲ. ಅಕ್ಕಯ್ಯಮ್ಮನ ಸೊಸೆ ಗೋಡೆಗೆ ಒರಗಿ, ಹೊಟ್ಟೆ ಹಿಡಿದುಕೊಂಡು ನಿಂತಿದ್ದಳು. ಬಿದ್ದು ಪೆಟ್ಟಾದ ಕಾಲಿಗೆ ಬಟ್ಟೆ ಕಟ್ಟಿತ್ತು.

ಬಹಳ ಹೊತ್ತಾದ ಮೇಲೆ ಶ್ರೀಕಂಠಯ್ಯನವರು, "ಯಾಕ್ರೀ ಅವರೆಲ್ಲ ಹಾಗೆ ನಿಂತಿದ್ದಾರೆ?" ಎಂದು ಕೇಳಿದರು.

"ನೀವು ಹೋಗ್ಲಿ ಅಂತ ಸಾರ್."

"ನಾನಾ? ಯಾಕೆ?"

ಹೇಳುವುದು ಹೇಗೆ? ಆದರೆ ಆ ಹುಡುಗಿ ಗೋಡೆಗೆ ಒರಗಿದ್ದು ನೋಡಿ ಧೈರ್ಯ ಬಂತು. "ಸಾರ್, ಬಲ್ಬು ತೆಗೆದೋಳು ನಾನೇ. ಯಾಕೆ ಅಂತ ಬಾಯಲ್ಲಿ ಹೇಳೋಕಾಗಲ್ಲ. ಅವರ ಕೈ ನೋಡಿ" ಎಂದೆ.

ಅವರು ನೋಡಿದರು. ಪ್ರತಿಯೊಬ್ಬಳ ಕೈಯಲ್ಲೂ ಒಂದು ಚೊಂಬು ಇತ್ತು. ಕೆಲವರು ಅದನ್ನು ಸೆರಗಿನ ಒಳಗೆ ಮುಚ್ಚಿಕೊಂಡಿದ್ದರು. ಅವರು ಜಾಲಿ ಗಿಡಗಳ ಕಡೆ ನೋಡಿದರು, ತಲೆಯೆತ್ತಿ ಬಲ್ಬು ನೋಡಿದರು, ಮತ್ತೆ ಆ ಕಡೆ ನೋಡಲಿಲ್ಲ. ಕಲ್ಲಿನಿಂದ ಎದ್ದು, ಟಾರ್ಚು ಜೇಬಿಗೆ ಹಾಕಿಕೊಂಡು, ಕೆರೆಗೂ ಹೆಂಗಸರಿಗೂ ಬೆನ್ನು ಮಾಡಿ ನಿಂತರು.

"ಇಳಿಸಿ ಲಕ್ಷ್ಮಮ್ಮ" ಎಂದರು.

ದೋಟಿ ಎತ್ತಿದೆ. ಉರಿಯುವ ಬಲ್ಬಿಗೆ ಹೊಸ ರಬ್ಬರು ತಾಗಿ ಸುಟ್ಟ ವಾಸನೆ ಬಂತು. ಒತ್ತಿದೆ, ತಿರುಗಿಸಿದೆ. ಕತ್ತಲಾಯಿತು. ನಾವಿಬ್ಬರೂ ಏರಿಯ ಮೇಲೆ ಊರಿನ ಕಡೆಗೆ ನಡೆದೆವು. ಹಿಂದೆ ಹೆಜ್ಜೆಗಳ ಸದ್ದು ಕೇಳಿಸಿತು, ಇಬ್ಬರೂ ತಿರುಗಿ ನೋಡಲಿಲ್ಲ. ಆಫೀಸಿನ ಹತ್ತಿರ ಬಂದಾಗ ಅವರು, "ಅಲ್ಲಿ ದೀಪ ಇಡ್ಬೇಕು ಅಂತ ನಕ್ಷೆ ಮಾಡಿದ್ದು ನಾನು. ಯಾರನ್ನೂ ಕೇಳಲಿಲ್ಲ" ಎಂದರು. ನನಗೆ ಹೇಳಿದ್ದೋ ತಮಗೇ ಹೇಳಿಕೊಂಡದ್ದೋ ತಿಳಿಯಲಿಲ್ಲ.

ಸದಸ್ಯರಿಗೆ ಅವರು ಏನು ಹೇಳಿ ಒಪ್ಪಿಸಿದರೋ ನನಗೆ ಗೊತ್ತಿಲ್ಲ. ಆ ಬಲ್ಬು ಬೀದಿಯ ಬಾಯಿಗೆ ಬಂತು, ಹೆಂಗಸರು ನಸುಕಿನಲ್ಲಿ ಕೂಲಿಗೆ ಹೊರಡುವ ದಾರಿಗೆ. ಕೆರೆಯಂಚಿನ ಕಂಬ ಬರಿದಾಗಿ ನಿಂತಿತು. ವರ್ಷ ತುಂಬಿದಾಗ ನನ್ನ ಕೆಲಸ ಕಾಯಂ ಆಯಿತು. ಆದೇಶ ಕೈಗೆ ಕೊಡುವಾಗ ಶ್ರೀಕಂಠಯ್ಯನವರು ನಗಲಿಲ್ಲ, ಅಭಿನಂದನೆ ಅನ್ನಲಿಲ್ಲ. "ಟವೆಲು ಕಟ್ಕೊಳ್ಳೋದು ಮರೀಬೇಡಿ" ಎಂದರು.

ಅಕ್ಕಯ್ಯಮ್ಮನ ಜೊತೆ ನಾನು ಬಹಳ ಕಾಲ ಮಾತಾಡಲಿಲ್ಲ. ಬಲ್ಬು ಇಳಿಸಿದೆ ಎಂದ ಮಾತ್ರಕ್ಕೆ ಮನಸ್ಸು ತಿಳಿಯಾಗುವುದಿಲ್ಲ. ಆ ಬೀದಿಗೆ ಹೋದರೆ ಆಕೆ ಎದ್ದು ನಿಲ್ಲುತ್ತಿದ್ದಳು, ನಾನು ಕಂಬ ನೋಡುತ್ತಿದ್ದೆ. ಸೊಸೆಗೆ ಹೆಣ್ಣುಮಗು ಹುಟ್ಟಿದಾಗ ಒಂದು ಹಿಡಿ ಬೆಲ್ಲ ಕಳಿಸಿದಳು. ತಿನ್ನಲಿಲ್ಲ, ಎಸೆಯಲೂ ಇಲ್ಲ. ಡಬ್ಬಿಯಲ್ಲಿ ಇಟ್ಟಿದ್ದಕ್ಕೆ ಇರುವೆ ಹತ್ತಿತು.

ತೊಂಬತ್ತರ ದಶಕದಲ್ಲಿ ಎಲ್ಲ ಬದಲಾಯಿತು. ಮೊದಲು ಟ್ಯೂಬ್‌ಲೈಟು ಬಂತು, ಆಮೇಲೆ ಹಳದಿ ಬೆಳಕಿನ ಸೋಡಿಯಂ ದೀಪ. ಅವುಗಳಿಗೆ ದೋಟಿ ನಡೆಯುವುದಿಲ್ಲ, ಮುಚ್ಚಳ ಬಿಚ್ಚಬೇಕು. ಯಂತ್ರದ ಏಣಿಯ ಗಾಡಿ ಬಂತು, ಹುಡುಗರು ತೊಟ್ಟಿಯಲ್ಲಿ ನಿಂತು ಗುಂಡಿ ಒತ್ತಿದರೆ ಮೇಲೆ ಹೋಗುತ್ತಿದ್ದರು. ಶ್ರೀಕಂಠಯ್ಯನವರು ವರ್ಗವಾಗಿ ಹೋದರು. ಪ್ಯಾರೇಜಾನ್ ಸಾಬರು ತೀರಿಕೊಂಡರು. ಅವರ ಮನೆಯ ಎದುರಿನ ದೀಪವನ್ನು ಅವತ್ತು ನಾನೇ ಹೋಗಿ ನೋಡಿ ಬಂದೆ. ದೋಟಿ ಸ್ಟೋರಿನ ಮೂಲೆ ಸೇರಿತು.

ಆ ದಶಕ ಮುಗಿಯುವ ಹೊತ್ತಿಗೆ ಕೆರೆಬೀದಿಯ ಕೊನೆಯಲ್ಲಿ ಹೆಂಗಸರಿಗೆ ಶೌಚಾಲಯ ಕಟ್ಟಿದರು. ಬಾಗಿಲು, ಚಿಲಕ, ನೀರಿನ ತೊಟ್ಟಿ ಎಲ್ಲ ಇತ್ತು. ಅದು ನಿಂತದ್ದು ಆ ಹಳೇ ಕಂಬದ ಬುಡದಲ್ಲೇ. ಬಾಗಿಲು ತೆರೆದ ಮಾರನೇ ದಿನ ಬೀದಿಯ ಹೆಂಗಸರು ಆಫೀಸಿಗೆ ಬಂದು ಬಲ್ಬು ಕೇಳಿದರು. ಗಾಡಿ ಆ ಸಂದಿಯಲ್ಲಿ ಹೋಗುವುದಿಲ್ಲ, ಹೋಲ್ಡರು ಹಳೆಯದೇ. ಸ್ಟೋರಿನಿಂದ ದೋಟಿ ಎಳೆದು, ಧೂಳು ಒರೆಸಿ, ರಬ್ಬರು ಬದಲಾಯಿಸಿ, ತಲೆಗೆ ಟವೆಲು ಕಟ್ಟಿಕೊಂಡು ಹೊರಟೆ.

ಸಂಜೆಯಾಗುತ್ತಿತ್ತು. ಸೊಸೆ ಅಕ್ಕಯ್ಯಮ್ಮನನ್ನು ಕೈಹಿಡಿದು ಕರೆದುಕೊಂಡು ಬಂದಳು. ಮುದುಕಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು, ಮುಖದ ಮುಂದೆ ಕೈ ಆಡಿಸಿದರೂ ಕಾಣುತ್ತಿರಲಿಲ್ಲ. ಬಿದಿರು ನೆಲಕ್ಕೆ ತಾಗಿದ ಸದ್ದಿಗೆ ನಾನು ಯಾರು ಎಂದು ಗುರುತು ಹಿಡಿದಳು.

"ನಾ ತಲ್ಲಿ, ನಾನೂ ಹಿಡ್ಕೋತೀನಿ. ಒಡೆದೋಳು ನಾನು, ಹಾಕೋದ್ರಲ್ಲಿ ನನ್ ಕೈನೂ ಇರ್ಲಿ."

ಆಕೆಯ ಕೈ ಹಿಡಿದು ಬಿದಿರಿನ ಮೇಲೆ, ನನ್ನ ಕೈಯ ಕೆಳಗೆ ಇಟ್ಟೆ. ಸಣ್ಣ ಕೈ, ಬಿಸಿನೀರಿನಲ್ಲಿ ಬೆಂದು ಬೆಂದು ಬೆರಳಿನ ಗುರುತೇ ಅಳಿಸಿಹೋಗಿದ್ದ ಕೈ. ಅಷ್ಟು ವರ್ಷದ ನನ್ನ ಸಿಟ್ಟು ಆ ಕೈ ಮುಟ್ಟಿದಾಗ ಎಲ್ಲಿ ಹೋಯಿತೋ ಹೇಳಲಾರೆ. ಇಬ್ಬರೂ ಸೇರಿ ದೋಟಿ ಎತ್ತಿದೆವು. ಬಲ್ಬು ಹೋಲ್ಡರಿಗೆ ತಾಗಿದ್ದು ಬಿದಿರಿನಲ್ಲಿ ಗೊತ್ತಾಯಿತು. "ಈಗ ಒತ್ತು ಅಜ್ಜಿ" ಎಂದೆ. ಒತ್ತಿದಳು. "ತಿರುಗ್ಸು." ತಿರುಗಿಸಿದಳು. ಜಗ್ಗಿದಾಗ ದೋಟಿಯ ಬೆರಳುಗಳು ಬಿಟ್ಟುಕೊಟ್ಟವು. ಬೀದಿಯ ಬಾಯಿಯಲ್ಲಿದ್ದ ಹುಡುಗಿಯೊಬ್ಬಳಿಗೆ ಸ್ವಿಚ್ಚು ಹಾಕಲು ಕೂಗಿ ಹೇಳಿದೆ.

ಹೆಂಗಸರೆಲ್ಲ ತಲೆಯೆತ್ತಿ ನೋಡುತ್ತಿದ್ದರು. ಅಕ್ಕಯ್ಯಮ್ಮ ಮಾತ್ರ ನನ್ನ ಕಡೆ ಮುಖ ತಿರುಗಿಸಿ, ಬಿದಿರು ಬಿಡದೆ, "ಹತ್ತಿತಾ?" ಎಂದು ಕೇಳಿದಳು.

"ಹತ್ತಿತು" ಎಂದೆ. ಈ ಸಲ ನೋಡಿ ಹೇಳಿದೆ.